ತೇಪೆ ಹಾಕುವ ಮೊದಲು ಮುಳ್ಳು ತೆಗೆಯಿರಿ

(ಸಂಸ್ಥೆಯ ವಾರ್ಷಿಕ ಸಭೆಯಲ್ಲಿ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣ)





ಇಂತಹ ವೇದಿಕೆಯಲ್ಲಿ ಶಿಕ್ಷಣದ ಮಹತ್ವದ ಬಗ್ಗೆ ಮಾತನಾಡುವುದು ವಾಡಿಕೆ. ನಾನು ಸೈಕಲ್ ಪಂಕ್ಚರ್ ಬಗ್ಗೆ ಮಾತನಾಡಲು ನಿಂತಿದ್ದೇನೆ. ನಗು ಬಂದರೆ ನಗಿ, ಆದರೆ ಪೂರ್ತಿ ಕೇಳಿ. ಒಂದು ಮುಳ್ಳಿನ ತುದಿಯಿಂದಾಗಿ ಒಬ್ಬ ಹುಡುಗಿಯ ಓದು ನಿಂತುಹೋಗುವುದರಲ್ಲಿತ್ತು. ಅದರಲ್ಲಿ ನನ್ನ ತಪ್ಪೂ ಇತ್ತು.

ಕಳೆದ ವರ್ಷ ನನ್ನ ಒಂಬತ್ತನೇ ತರಗತಿಗೆ ಒಬ್ಬ ಹುಡುಗಿ ನಾಲ್ಕು ಕಿಲೋಮೀಟರ್ ದೂರದ ಹಳ್ಳಿಯಿಂದ ಬರುತ್ತಿದ್ದಳು. ನಮ್ಮ ರಾಜ್ಯದಲ್ಲಿ 2006-07ರಲ್ಲಿ ಆರಂಭವಾದ ಉಚಿತ ಸೈಕಲ್ ಯೋಜನೆ ನಿಮಗೆ ಗೊತ್ತು. ಕೊರೊನಾ ಬಂದ ವರ್ಷ ಆ ವಿತರಣೆ ನಿಂತಿತು. ಈ ಹುಡುಗಿಯ ಬಳಿ ಇದ್ದದ್ದು ಅವಳ ಅಕ್ಕನಿಗೆ 2019ರಲ್ಲಿ ಸಿಕ್ಕಿದ್ದ ಸೈಕಲ್. ಒಂದು ತಿಂಗಳಲ್ಲಿ ನಾಲ್ಕು ಸಲ ಅವಳು ಪ್ರಾರ್ಥನೆ ಮುಗಿದ ಮೇಲೆ ಬಂದಳು. ಕಾರಣ ಕೇಳಿದರೆ ಒಂದೇ ಉತ್ತರ: "ಪಂಕ್ಚರ್ ಆಯ್ತು ಟೀಚರ್." ಮೊದಲ ಎರಡು ಸಲ ನಂಬಿದೆ. ಮೂರನೆಯ ಸಲ ನಂಬಲಿಲ್ಲ. ನಾಲ್ಕನೆಯ ಸಲ ಹೊರಗೆ ನಿಲ್ಲಿಸಿದೆ. ಆಮೇಲೆ ಅವಳು ಆರು ದಿನ ಶಾಲೆಗೆ ಬರಲಿಲ್ಲ.

ಏಳನೆಯ ದಿನ ಅವಳ ಮನೆಗೆ ಹೋದೆ. ತಂದೆ ಮರ್ಯಾದೆಯಿಂದ ಕೂರಿಸಿ, ಚಹಾ ಕೊಟ್ಟು ಹೇಳಿದರು: "ಹೆಣ್ಣುಮಗಳು, ಒಬ್ಬಳೇ ನಡುದಾರಿಯಲ್ಲಿ ಸೈಕಲ್ ತಳ್ಳಿಕೊಂಡು ಬರೋದು ನಮಗೆ ಸರಿ ಕಾಣೋದಿಲ್ಲ ಟೀಚರ್. ದಿನಾ ಬಿಟ್ಟು ಬರೋಕೆ ನನಗೆ ಕೂಲಿ ತಪ್ಪುತ್ತೆ. ಓದಿದ್ದು ಸಾಕು ಅಂದಿದ್ದೀನಿ." ಹಿತ್ತಲಿನ ಗೋಡೆಗೆ ಸೈಕಲ್ ಒರಗಿಸಿತ್ತು. ಹಿಂದಿನ ಚಕ್ರದಲ್ಲಿ ಗಾಳಿ ಇರಲಿಲ್ಲ. ಹುಡುಗಿ ಸುಳ್ಳು ಹೇಳಿರಲಿಲ್ಲ. ಒಂದು ವಾರ ಸಮಯ ಕೊಡಿ ಎಂದು ಅವರಲ್ಲಿ ಕೇಳಿಕೊಂಡು, ಸೈಕಲನ್ನು ಟಂಟಂ ಗಾಡಿಗೆ ಹಾಕಿಸಿಕೊಂಡು ಬಂದೆ.

ನಮ್ಮ ಶಾಲೆಯ ಹತ್ತಿರ ವಯಸ್ಸಾದ ಒಬ್ಬ ಚಾಚಾ ಅವರ ಪಂಕ್ಚರ್ ಅಂಗಡಿ ಇದೆ. ಅವರು ಟ್ಯೂಬನ್ನು ಹೊರಗೆ ತೆಗೆದು ನನ್ನ ಮುಂದೆ ಹಿಡಿದರು. ಅದರ ಮೇಲೆ ನಾಲ್ಕು ತೇಪೆಗಳಿದ್ದವು, ನಾಲ್ಕೂ ಒಂದು ಗೇಣಿನೊಳಗೆ ಒತ್ತಾಗಿ ಕೂತಿದ್ದವು. ಚಾಚಾ ಹೇಳಿದರು: "ಮೇಡಂ, ಇದು ನಾಲ್ಕು ಪಂಕ್ಚರ್ ಅಲ್ಲ. ಒಂದೇ ಪಂಕ್ಚರ್ ನಾಲ್ಕು ಸಲ ಆಗಿದೆ."

ಆಮೇಲೆ ಅವರು ಟೈರಿನ ಒಳಭಾಗದಲ್ಲಿ ಒಂದು ಹಿಡಿ ಹತ್ತಿಯನ್ನು ಮೆಲ್ಲಗೆ ಸವರುತ್ತಾ ಹೋದರು. ಒಂದು ಕಡೆ ಹತ್ತಿಯ ಎಳೆ ಸಿಕ್ಕಿಕೊಂಡಿತು. ಅಲ್ಲಿ ಬಳ್ಳಾರಿ ಜಾಲಿಯ ಮುಳ್ಳಿನ ತುದಿ ಮುರಿದು ಕೂತಿತ್ತು. ಹೊರಗಿನಿಂದ ನೋಡಿದರೆ ಏನೂ ಕಾಣುತ್ತಿರಲಿಲ್ಲ, ಬೆರಳಿಗೂ ಸಿಗುತ್ತಿರಲಿಲ್ಲ. ಭಾರ ಬಿದ್ದಾಗ ಮಾತ್ರ ಅದು ಒಳಗೆ ಇಣುಕಿ ಟ್ಯೂಬನ್ನು ಚುಚ್ಚುತ್ತಿತ್ತು. ಹಿಂದೆ ರಿಪೇರಿ ಮಾಡಿದವರು ತೂತು ಮುಚ್ಚಿದ್ದರು, ಮುಳ್ಳನ್ನು ಹುಡುಕಿರಲಿಲ್ಲ. ನಾನೂ ಹುಡುಗಿ ತಡವಾಗಿ ಬಂದಳೆಂದು ಶಿಕ್ಷೆ ಕೊಟ್ಟಿದ್ದೆ, ಕಾರಣ ಹುಡುಕಿರಲಿಲ್ಲ.

ವಿದ್ಯಾರ್ಥಿಗಳೇ, ಪದೇ ಪದೇ ಪಂಕ್ಚರ್ ಆದರೆ ಹಣೆಬರಹ ಎನ್ನಬೇಡಿ. ಕಾರಣ ಹುಡುಕಿ. ಚಾಚಾ ಅವರಿಂದ ನಾನು ಕಲಿತ ಕ್ರಮವನ್ನು ಹೇಳುತ್ತೇನೆ.

ಮೊದಲು ವಾಲ್ವ್ ನೋಡಿ. ನಮ್ಮ ಸಾದಾ ಸೈಕಲ್‌ಗಳ ವಾಲ್ವ್ ಒಳಗೆ ಸಣ್ಣ ರಬ್ಬರ್ ಕೊಳವೆ ಇರುತ್ತದೆ. ಬಿಸಿಲಿಗೆ ಅದು ಬಿರುಕು ಬಿಟ್ಟರೆ ಗಾಳಿ ಸೋರುತ್ತದೆ. ವಾಲ್ವ್ ಬಾಯಿಗೆ ಒಂದು ಹನಿ ನೀರು ಹಚ್ಚಿ. ಗುಳ್ಳೆ ಬಂದರೆ ಅದು ಪಂಕ್ಚರ್ ಅಲ್ಲ, ವಾಲ್ವ್ ಟ್ಯೂಬ್ ಬದಲಿಸಿದರೆ ಸಾಕು.

ಎರಡನೆಯದಾಗಿ, ಟ್ಯೂಬ್ ತೆಗೆಯುವ ಮೊದಲು ವಾಲ್ವ್ ಇರುವ ಜಾಗಕ್ಕೆ ನೇರವಾಗಿ ಟೈರಿನ ಮೇಲೆ ಸೀಮೆಸುಣ್ಣದಿಂದ ಗುರುತು ಮಾಡಿ. ಟ್ಯೂಬಿಗೆ ಗಾಳಿ ತುಂಬಿ ನೀರಿನಲ್ಲಿ ಮುಳುಗಿಸಿದಾಗ ಗುಳ್ಳೆ ಏಳುವ ಜಾಗ ಸಿಗುತ್ತದೆ. ಅದು ವಾಲ್ವ್‌ನಿಂದ ಎಷ್ಟು ಗೇಣು ದೂರ ಇದೆಯೋ ಟೈರಿನಲ್ಲೂ ಗುರುತಿನಿಂದ ಅಷ್ಟೇ ದೂರ ಅಳೆಯಿರಿ. ಟ್ಯೂಬ್ ತಿರುವು ಮುರುವು ಆಗಿರಬಹುದು, ಆದ್ದರಿಂದ ಗುರುತಿನ ಎರಡೂ ಪಕ್ಕ ನೋಡಿ. ಅಲ್ಲಿ ಹತ್ತಿ ಅಥವಾ ಹಳೆಯ ಬಟ್ಟೆ ಸವರಿ. ಬರಿಗೈ ಹಾಕಬೇಡಿ, ಗಾಜಿನ ಚೂರಿದ್ದರೆ ಬೆರಳು ಕೊಯ್ಯುತ್ತದೆ.

ಮೂರನೆಯದಾಗಿ, ತೂತಿನ ಜಾಗ ಏನು ಹೇಳುತ್ತದೆ ಎಂದು ಓದಿ. ರಸ್ತೆಯ ಕಡೆ ಒಂದೇ ಸಣ್ಣ ತೂತು ಇದ್ದರೆ ಮುಳ್ಳು, ಮೊಳೆ ಅಥವಾ ತಂತಿಯ ಚೂರು. ಹಾವು ಕಚ್ಚಿದಂತೆ ಅಕ್ಕಪಕ್ಕ ಎರಡು ಸೀಳು ಇದ್ದರೆ ಗಾಳಿ ಕಡಿಮೆ ಇತ್ತು ಎಂದರ್ಥ. ಗುಂಡಿಗೋ ಕಲ್ಲಿಗೋ ಬಡಿದಾಗ ರಿಮ್ಮಿನ ಅಂಚು ಟ್ಯೂಬನ್ನು ಒತ್ತಿ ಕತ್ತರಿಸಿದೆ. ತೂತು ಒಳಗಡೆ, ರಿಮ್ಮಿನ ಕಡೆ ಇದ್ದರೆ ಮುಳ್ಳು ಹುಡುಕಿ ಫಲವಿಲ್ಲ. ರಿಮ್ಮಿನ ಪಟ್ಟಿ ಸರಿದು ಕಡ್ಡಿಯ ತುದಿ ಚುಚ್ಚುತ್ತಿದೆ, ಪಟ್ಟಿಯನ್ನು ಸರಿಮಾಡಿ ಅಥವಾ ಬದಲಿಸಿ. ವಾಲ್ವ್‌ನ ಬುಡವೇ ಹರಿದಿದ್ದರೆ ತೇಪೆ ನಿಲ್ಲುವುದಿಲ್ಲ, ಟ್ಯೂಬ್ ಬದಲಿಸಬೇಕು. ಗಾಳಿ ಕಡಿಮೆ ಇದ್ದಾಗ ಟೈರು ರಿಮ್ಮಿನ ಮೇಲೆ ಜಾರಿ ಟ್ಯೂಬನ್ನು ಎಳೆಯುವುದರಿಂದ ಹೀಗಾಗುತ್ತದೆ. ವಾಲ್ವ್ ಓರೆಯಾಗಿ ನಿಂತಿದ್ದರೆ ಅದು ಮುನ್ಸೂಚನೆ.

ನಾಲ್ಕನೆಯದು ತೇಪೆ. ಟ್ಯೂಬನ್ನು ಪೂರ್ತಿ ಒಣಗಿಸಿ, ಸ್ಯಾಂಡ್ ಪೇಪರಿನಿಂದ ಹೊಳಪು ಹೋಗುವವರೆಗೆ ಉಜ್ಜಿ, ತೇಪೆಗಿಂತ ಅಗಲವಾಗಿ ಸಲ್ಯೂಷನ್ ತೆಳ್ಳಗೆ ಹಚ್ಚಿ. ಹಚ್ಚಿದ ಕೂಡಲೇ ತೇಪೆ ಅಂಟಿಸಬೇಡಿ. ಕೆಲವು ನಿಮಿಷ ಆರಿ ಸಲ್ಯೂಷನ್ನಿನ ಹಸಿ ಹೊಳಪು ಹೋದ ಮೇಲೆ ಅಂಟಿಸಿ ಗಟ್ಟಿಯಾಗಿ ಒತ್ತಬೇಕು. ತೇಪೆ ಕಿತ್ತು ಬರುವುದು ಹೆಚ್ಚಾಗಿ ನಮ್ಮ ಅವಸರದಿಂದ.

ಈಗ ಪಂಕ್ಚರ್ ಆಗದಂತೆ ನೋಡಿಕೊಳ್ಳುವ ಮಾತು. ಗಾಳಿಯ ಒತ್ತಡ ಎಷ್ಟಿರಬೇಕೆಂದು ಟೈರಿನ ಪಕ್ಕದಲ್ಲೇ ಅಚ್ಚಾಗಿರುತ್ತದೆ. ವಾರಕ್ಕೊಮ್ಮೆ ಗಾಳಿ ನೋಡಿ. ಹಿಂದಿನ ಚಕ್ರದ ಮೇಲೆ ಭಾರ ಹೆಚ್ಚು. ಕ್ಯಾರಿಯರ್ ಮೇಲೆ ಗೆಳೆಯನನ್ನೂ ಕೂರಿಸಿಕೊಂಡು ಗುಂಡಿ ಹಾರಿಸಿದರೆ ಟ್ಯೂಬ್ ಉಳಿಯುವುದಿಲ್ಲ. ಅದೇ ದಿನ ಚಕ್ರವನ್ನು ನಿಧಾನವಾಗಿ ತಿರುಗಿಸಿ, ಟೈರಿಗೆ ಕಚ್ಚಿಕೊಂಡ ಗಾಜು, ಮುಳ್ಳು ಇದ್ದರೆ ಒಳಗೆ ಇಳಿಯುವ ಮೊದಲೇ ತೆಗೆಯಿರಿ. ಟೈರು ಸವೆದು ಒಳಗಿನ ನೂಲು ಕಾಣುತ್ತಿದ್ದರೆ ಟೈರನ್ನೇ ಬದಲಿಸಿ. ಮುಳ್ಳಿನ ದಾರಿಯಲ್ಲಿ ಓಡಾಡುವವರು ಹಳೆಯ ಟ್ಯೂಬನ್ನು ಉದ್ದಕ್ಕೆ ಸೀಳಿ ಟೈರಿನ ಒಳಗೆ ಅಸ್ತರಿಯಂತೆ ಹಾಕಿಸುವುದುಂಟು. ಒಳ್ಳೆಯ ಉಪಾಯ, ಆದರೆ ಅದರ ಅಂಚು ಮಡಿಚಿದರೆ ಅದೇ ಟ್ಯೂಬನ್ನು ಉಜ್ಜಿ ತೂತು ಮಾಡುತ್ತದೆ. ಗಾಳಿ ಹೋದ ಸೈಕಲ್ ಮೇಲೆ ಕೂತು ತುಳಿಯಬೇಡಿ, ಟ್ಯೂಬಿನ ಜೊತೆ ಟೈರೂ ಹಾಳಾಗುತ್ತದೆ.

ಇನ್ನೊಂದು ಮಾತು. ಬೇಲಿ ಸವರಿದ ಜಾಲಿಯ ಟೊಂಗೆಗಳನ್ನು ದಾರಿಯಲ್ಲೇ ಬಿಡುತ್ತೇವೆ. ಒಡೆದ ಬಾಟಲಿಯನ್ನು ದಾಟಿಕೊಂಡು ಹೋಗುತ್ತೇವೆ. ದಾರಿಯಲ್ಲಿ ತೊಂದರೆ ಕೊಡುವ ವಸ್ತುವನ್ನು ತೆಗೆಯುವುದೂ ಸದಖಾ ಎಂದು ನಮ್ಮ ಪ್ರವಾದಿ ಮುಹಮ್ಮದ್ (ಸ) ಕಲಿಸಿದ್ದಾರೆ. ದಾರಿಯಿಂದ ಮುಳ್ಳಿನ ಕೊಂಬೆಯನ್ನು ಸರಿಸಿದ ಒಬ್ಬನನ್ನು ಅಲ್ಲಾಹನು ಕ್ಷಮಿಸಿದ ವಿಷಯ ಹದೀಸ್‌ನಲ್ಲಿದೆ. ಜೇಬಿನಲ್ಲಿ ಕಾಸಿಲ್ಲದ ವಿದ್ಯಾರ್ಥಿಯೂ ಮಾಡಬಹುದಾದ ದಾನ ಇದು. ನೀವು ತೆಗೆದ ಮುಳ್ಳು ಯಾವ ಮಗುವಿನ ಶಾಲೆಯನ್ನು ಉಳಿಸಿತೆಂದು ನಿಮಗೆ ಎಂದೂ ತಿಳಿಯಲಿಕ್ಕಿಲ್ಲ.

"ಪಂಕ್ಚರ್ ಹಾಕುವವರು" ಎಂದು ನಮ್ಮವರನ್ನು ಹಂಗಿಸುವ ಮಾತನ್ನು ನೀವೂ ಕೇಳಿರುತ್ತೀರಿ. ತಂದೆಯ ಅಂಗಡಿಯ ಹೆಸರು ಹೇಳಲು ನಾಚುವ ಮಕ್ಕಳನ್ನು ನಾನು ತರಗತಿಯಲ್ಲಿ ಕಂಡಿದ್ದೇನೆ. ನಾಚಬೇಡಿ. ಗಾಳಿ ತುಂಬಿದ ಟೈರನ್ನು 1880ರ ದಶಕದಲ್ಲಿ ಬೆಲ್‌ಫಾಸ್ಟ್‌ನಲ್ಲಿ ತನ್ನ ಮಗನ ಮೂರು ಚಕ್ರದ ಸೈಕಲ್ಲಿಗೆ ಕಟ್ಟಿದವರು ಜಾನ್ ಬಾಯ್ಡ್ ಡನ್‌ಲಪ್ ಎಂಬ ಪಶುವೈದ್ಯ. ಆ ಕಾಲದ ಟೈರನ್ನು ರಿಮ್ಮಿಗೆ ಅಂಟಿಸಿರುತ್ತಿದ್ದರು, ಪಂಕ್ಚರ್ ಆದರೆ ಗಂಟೆಗಟ್ಟಲೆ ಕೆಲಸ. 1891ರಲ್ಲಿ ಫ್ರಾನ್ಸಿನ ಮಿಷೆಲಿನ್ ಸಹೋದರರು ಬಿಚ್ಚಿ ಹಾಕಬಹುದಾದ ಟೈರ್ ಮಾಡಿದರು. ಅಂದು ದೊಡ್ಡ ಸಮಸ್ಯೆಯಾಗಿದ್ದ ಆ ಕೆಲಸವನ್ನು ಇಂದು ನಮ್ಮ ಚಾಚಾ ರಸ್ತೆಬದಿಯಲ್ಲಿ ಕೂತು ಕೆಲವೇ ನಿಮಿಷಗಳಲ್ಲಿ ಮುಗಿಸುತ್ತಾರೆ. ಇದು ವಿದ್ಯೆ, ಇದು ಹಲಾಲ್ ದುಡಿಮೆ. ನನ್ನ ಆಸೆ ಇಷ್ಟೇ: ನಮ್ಮ ಮಗ ಆ ಅಂಗಡಿಯಲ್ಲಿ ಕೂತರೆ ಓದು ಮುಗಿಸಿ ತನ್ನ ಇಚ್ಛೆಯಿಂದ ಕೂರಲಿ, ಶಾಲೆಯ ಬಾಗಿಲು ಮುಚ್ಚಿತೆಂದು ಕೂರುವಂತಾಗಬಾರದು.

ಆ ಹುಡುಗಿಯ ಸೈಕಲ್ಲಿಗೆ ಹೊಸ ಟ್ಯೂಬು ಹಾಕಿದ್ದಾಯಿತು. ಚಾಚಾ ಅವಳನ್ನೂ ಅವಳ ತಂದೆಯನ್ನೂ ಕರೆಸಿ, ಟೈರ್ ಬಿಚ್ಚುವುದರಿಂದ ಗಾಳಿ ತುಂಬುವವರೆಗೆ ಅವಳ ಕೈಯಲ್ಲೇ ಮಾಡಿಸಿದರು. ನಾನು ಅವಳ ತಂದೆಯ ಎದುರಿಗೇ ಅವಳಲ್ಲಿ ಕ್ಷಮೆ ಕೇಳಿದೆ. ಮರುದಿನ ಅವಳು ಶಾಲೆಗೆ ಬಂದಳು. ಅಲ್ಹಮ್ದುಲಿಲ್ಲಾಹ್, ಈಗ ಹತ್ತನೇ ತರಗತಿಯಲ್ಲಿದ್ದಾಳೆ. ಇಂದು ಈ ಸಭೆಯಲ್ಲೂ ಕೂತಿದ್ದಾಳೆ, ಹೆಸರು ಹೇಳಬಾರದೆಂದು ನನ್ನಿಂದ ಮಾತು ತೆಗೆದುಕೊಂಡಿದ್ದಾಳೆ.

ಕೊನೆಯದಾಗಿ ಸಂಸ್ಥೆಯ ಹಿರಿಯರಲ್ಲಿ ಒಂದು ಮನವಿ. ನಮ್ಮ ಪ್ರತಿ ಶಾಲೆಯಲ್ಲೂ ಒಂದು ಗಾಳಿ ಪಂಪು, ಒಂದು ಜೊತೆ ಟೈರ್ ಲಿವರ್, ತೇಪೆ, ಸಲ್ಯೂಷನ್ ಮತ್ತು ಒಂದು ಬಕೆಟ್ ಇಡೋಣ. ವರ್ಷಕ್ಕೊಂದು ದಿನ ಊರಿನ ಪಂಕ್ಚರ್ ಅಂಗಡಿಯ ಹಿರಿಯರೊಬ್ಬರನ್ನು ಗುರುವಾಗಿ ಕರೆದು, ಗೌರವಿಸಿ, ಮಕ್ಕಳಿಗೆ ಕಲಿಸಲು ಕೇಳಿಕೊಳ್ಳೋಣ. ಖರ್ಚು ದೊಡ್ಡದಲ್ಲ. ನನ್ನ ಶಿಕ್ಷಕ ಮಿತ್ರರಲ್ಲೂ ಒಂದು ಮಾತು: ಮಗು ಮೂರನೆಯ ಸಲ ತಡವಾಗಿ ಬಂದರೆ ಹಾಜರಿ ಪುಸ್ತಕ ಬದಿಗಿಟ್ಟು ಒಮ್ಮೆ ಅದರ ಸೈಕಲ್ ನೋಡಿ ಬನ್ನಿ.