ಬರಿಗಾಲಿನ ಹೊಗಳಿಕೆ ಸಾಕು

(ಕಾಗಿನೆಲೆಯ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಕಡೆ ಆಟವೆಂದರೆ ಕುಸ್ತಿ, ಕಬಡ್ಡಿ. ಕಾಲ್ಚೆಂಡಿನ ಆಟಗಾರರೊಬ್ಬರ ಮಾತು ಇಲ್ಲೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಅವರ ಬಾಳಿನಲ್ಲಿ ದುಡಿಯುವ ಜನಕ್ಕೊಂದು ಪಾಠವಿದೆ. ಕನಕದಾಸರ ಈ ನೆಲದಲ್ಲಿ ಅದನ್ನು ಹೇಳುವುದು ಉಚಿತವೆಂದು ನಾವು ಬಗೆದಿದ್ದೇವೆ.

ಅವರ ಹೆಸರು ಅಹಮದ್ ಖಾನ್. 1926ರಲ್ಲಿ ಹುಟ್ಟಿದ ಬೆಂಗಳೂರಿನವರು. ತಂದೆಯೂ ಚೆಂಡಾಟದವರೇ. ಮುಂಬಯಿಯ ರೋವರ್ಸ್ ಕಪ್ಪನ್ನು ಆ ಕಾಲದಲ್ಲಿ ಬ್ರಿಟಿಷ್ ಪಲ್ಟಣಗಳೇ ವರ್ಷವರ್ಷವೂ ಹೊತ್ತೊಯ್ಯುತ್ತಿದ್ದವು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಅದನ್ನು ಗೆದ್ದಿತು. ಪಲ್ಟಣದವರಲ್ಲದ ಭಾರತೀಯರ ಕೈಗೆ ಆ ಕಪ್ಪು ಸೇರಿದ್ದು ಅದೇ ಮೊದಲು. ಮುಂದೆ ಅಹಮದ್ ಖಾನರೂ ಅದೇ ತಂಡದಲ್ಲಿ ಆಡಿದರು.

ಸ್ವಾತಂತ್ರ್ಯ ಬಂದ ಮರುವರ್ಷ, 1948ರ ಜುಲೈ 31ರಂದು, ಲಂಡನ್ ಒಲಿಂಪಿಕ್ಸಿನಲ್ಲಿ ನಮ್ಮವರು ಫ್ರಾನ್ಸಿನೆದುರು ನಿಂತರು. ನಮ್ಮ ಹನ್ನೊಂದು ಮಂದಿಯಲ್ಲಿ ಹೆಚ್ಚಿನವರು ಬರಿಗಾಲಿನವರು. ಮೈಸೂರಿನ ಪರ ಆಡುತ್ತಿದ್ದ ರಾಮನ್ ಗೋಲು ಹೊಡೆದು ಆಟವನ್ನು ಸಮ ಮಾಡಿದರು. ಸಿಕ್ಕ ಎರಡು ಪೆನಾಲ್ಟಿಗಳು ಕೈತಪ್ಪಿದವು. ಕೊನೆಯ ಗಳಿಗೆಯಲ್ಲಿ ಫ್ರಾನ್ಸ್ 2-1ರಿಂದ ಗೆದ್ದಿತು. ಸೋತರೂ ಜಗತ್ತು ನಮ್ಮವರ ಬರಿಗಾಲನ್ನು ಕೊಂಡಾಡಿತು.

1951ರ ಮಾರ್ಚಿನಲ್ಲಿ ದಿಲ್ಲಿಯಲ್ಲಿ ಮೊದಲ ಏಷ್ಯನ್ ಕ್ರೀಡಾಕೂಟ ನಡೆಯಿತು. ಇಂಡೋನೇಷ್ಯ, ಅಫಘಾನಿಸ್ತಾನಗಳನ್ನು 3-0ರಿಂದ ಸೋಲಿಸಿ, ಕೊನೆಯ ಪಂದ್ಯದಲ್ಲಿ ಮೇವಾಲಾಲರ ಒಂದೇ ಗೋಲಿನಿಂದ ಇರಾನನ್ನು ಗೆದ್ದು, ನಮ್ಮವರು ಚಿನ್ನ ತಂದರು. ಆ ತಂಡದಲ್ಲೂ ಅಹಮದ್ ಖಾನರಿದ್ದರು. ಬೂಟೇಕೆ, ಬರಿಗಾಲೇ ಸಾಕು ಎಂದು ನಾಡು ಬೀಗಿತು. ಆ ಕಥೆ ಕೇಳಿ ನಾವೂ ಬೀಗಿದವರೇ.

ಆದರೆ ಮರುವರ್ಷವೇ ಹೆಲ್ಸಿಂಕಿ ಬಂತು. ಆ ಚಳಿಯ ನಾಡಿನಲ್ಲಿ ನಮ್ಮವರು ಬರಿಗಾಲಲ್ಲೇ ಇಳಿದರು. ಯುಗೊಸ್ಲಾವಿಯ 10-1ರಿಂದ ಬಡಿಯಿತು. ಆ ಒಂದು ಗೋಲು ಅಹಮದ್ ಖಾನರದು. ಒಂಬತ್ತಕ್ಕಿಂತ ಹೆಚ್ಚು ಗೋಲು ತಿಂದ ಮೇಲೂ ಆಟ ಮುಗಿಯುವತನಕ ಓಡಿದ ಮನುಷ್ಯ ಅವರು! ಅಂಥವರ ಕಾಲಿಗೆ ನಾವು ಕೊಟ್ಟದ್ದೇನು? ಹೊಗಳಿಕೆ ಮಾತ್ರ.

ಬರಿಗಾಲು ಅವರ ಇಷ್ಟವಾಗಿತ್ತಲ್ಲ ಎನ್ನುವವರಿದ್ದಾರೆ. ನಿಜ. ಆಟ ಕಲಿಯುವ ವಯಸ್ಸಿನಲ್ಲಿ ಬೂಟು ಕಾಣದ ಕಾಲಿಗೆ, ದೊಡ್ಡವನಾದ ಮೇಲೆ ಬೂಟೇ ಭಾರ. ಇಲ್ಲದ್ದು ಅಭ್ಯಾಸವಾಗುತ್ತದೆ, ಅಭ್ಯಾಸವಾದದ್ದನ್ನು ಜನ ಇಷ್ಟವೆಂದು ಕರೆಯುತ್ತಾರೆ.

ಹೆಲ್ಸಿಂಕಿಯ ನಂತರ ಬೂಟು ಕಡ್ಡಾಯವಾಯಿತು. ಹೈದರಾಬಾದಿನ ಮೇಷ್ಟ್ರು ರಹೀಮ್ ಸಾಹೇಬರು ತಂಡವನ್ನು ಪಳಗಿಸಿದರು. 1956ರಲ್ಲಿ ಮೆಲ್ಬರ್ನಿನಲ್ಲಿ ನಮ್ಮವರು ಆಸ್ಟ್ರೇಲಿಯವನ್ನು ಅವರ ನೆಲದಲ್ಲೇ 4-2ರಿಂದ ಸೋಲಿಸಿದರು. ನೆವಿಲ್ ಡಿಸೋಜ ಮೂರು ಗೋಲು ಹೊಡೆದರು. ಬೆಂಗಳೂರಿನ ಕೆಂಪಯ್ಯನವರೂ ಆ ತಂಡದಲ್ಲಿದ್ದವರು. ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನ ಬಂತು. ಹತ್ತು ಗೋಲು ಹೊಡೆದಿದ್ದ ಯುಗೊಸ್ಲಾವಿಯ ಈ ಸಲ ಗೆದ್ದದ್ದು 4-1ರಿಂದ. ಬೂಟೊಂದೇ ಕಾರಣವೆಂದು ನಾವು ಹೇಳುವುದಿಲ್ಲ. ಬೂಟು, ಮೇಷ್ಟ್ರು, ಅಭ್ಯಾಸ, ಮೂರೂ ಸೇರಿದವು.

ಅಹಮದ್ ಖಾನರು ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡದಲ್ಲಿ ಹತ್ತು ವರ್ಷ ಆಡಿದರು. 1949ರಿಂದ 1951ರವರೆಗೆ ಆ ತಂಡ ಸತತ ಮೂರು ಸಲ ಐಎಫ್ಎ ಶೀಲ್ಡ್ ಗೆದ್ದಿತು. 2017ರ ಆಗಸ್ಟಿನಲ್ಲಿ, 90ನೆಯ ವಯಸ್ಸಿನಲ್ಲಿ, ಅವರು ಬೆಂಗಳೂರಿನಲ್ಲಿ ತೀರಿಕೊಂಡರು.

ಈಗ ನಮ್ಮ ಕಡೆಗೆ ಬರೋಣ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ತಾಯಂದಿರ ಕೈ ಉರಿಯುತ್ತದೆ. ಜಿನ್ನಿನಲ್ಲಿ ಹತ್ತಿಯ ದೂಳು ಎದೆಗಿಳಿಯುತ್ತದೆ. ಹಮಾಲರು ಬರಿಗಾಲಲ್ಲಿ ಚೀಲ ಹೊರುತ್ತಾರೆ. ‘ಅವರದು ಗಟ್ಟಿ ಜೀವ, ರೂಢಿಯಾಗಿದೆ’ ಎನ್ನುವ ಮಾತನ್ನು ನಾವೆಲ್ಲ ಕೇಳಿದ್ದೇವೆ. ಇದು ಹೊಗಳಿಕೆಯಲ್ಲ, ಖರ್ಚು ಉಳಿಸುವ ಉಪಾಯ. ಅಂಗಡಿಕಾರ ಮಿತ್ರರೇ, ನಿಮ್ಮಲ್ಲಿ ದುಡಿಯುವವನ ಕಾಲನ್ನೂ ಒಮ್ಮೆ ನೋಡಿರಿ.

ಕೈಗವಸು, ಮೂಗಿಗೆ ಬಟ್ಟೆ, ಕಾಲಿಗೆ ಬೂಟು: ಇವು ದಾನವಲ್ಲ, ಕೂಲಿಯಷ್ಟೇ ನಮ್ಮ ಹಕ್ಕು. ಬರಿಗಾಲಲ್ಲಿ ಗೆದ್ದವರಿಗೆ ಕೈಮುಗಿಯೋಣ. ಆದರೆ ನಮ್ಮ ಮಕ್ಕಳೂ ಬರಿಗಾಲಲ್ಲೇ ಗೆಲ್ಲಲಿ ಎಂದು ಮಾತ್ರ ಹರಸದಿರೋಣ.