ಹೃದಯ ಶಸ್ತ್ರಚಿಕಿತ್ಸೆಯಾದ ಮಗು: ರಕ್ತಸ್ರಾವ ಮತ್ತು ಹೆಪ್ಪುಗಟ್ಟುವಿಕೆ

(ಸಂಘದ ಪಾಲಕರ ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ನಾನು ವೈದ್ಯನಲ್ಲ, ಭಾಷೆ ಕಲಿಸುವ ಶಿಕ್ಷಕ. ನನ್ನ ತರಗತಿಯಲ್ಲಿ ಹೃದಯದ ಕವಾಟ ಬದಲಾಯಿಸಿಕೊಂಡ ಒಬ್ಬ ವಿದ್ಯಾರ್ಥಿ ಇದ್ದ. ಒಂದು ದಿನ ಅವನ ಮೂಗಿನಿಂದ ರಕ್ತ ಸುರಿಯತೊಡಗಿತು. ಗಾಬರಿಯಲ್ಲಿ ನಾನು ಅವನ ತಲೆಯನ್ನು ಹಿಂದಕ್ಕೆ ಬಾಗಿಸಿ ಹಿಡಿದೆ. ಅದು ತಪ್ಪೆಂದು ಆಮೇಲೆ ವೈದ್ಯರು ಹೇಳಿದರು. ಅಂದಿನಿಂದ ಕೇಳಿ, ಓದಿ ತಿಳಿದದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಗಾಯವಾದಾಗ ರಕ್ತ ಹೆಪ್ಪುಗಟ್ಟಬೇಕು, ರಕ್ತನಾಳದೊಳಗೆ ಹೆಪ್ಪುಗಟ್ಟಬಾರದು. ಅಲ್ಲಾಹನು ನಮ್ಮ ದೇಹದಲ್ಲಿ ಇಟ್ಟಿರುವ ಈ ಸಮತೋಲ ಹೃದಯ ಶಸ್ತ್ರಚಿಕಿತ್ಸೆಯಲ್ಲಿ ಏರುಪೇರಾಗುತ್ತದೆ.

1953ರಲ್ಲಿ ಅಮೆರಿಕದ ಡಾ. ಜಾನ್ ಗಿಬ್ಬನ್ ಅವರು ಹೃದಯ-ಶ್ವಾಸಕೋಶ ಯಂತ್ರದ ನೆರವಿನಿಂದ 18 ವರ್ಷದ ಯುವತಿಯ ಹೃದಯವನ್ನು ತೆರೆದು ಯಶಸ್ವಿಯಾಗಿ ಸರಿಪಡಿಸಿದರು. ಈ ಯಂತ್ರದ ಕೊಳವೆಗಳಲ್ಲಿ ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಎಂಬ ಔಷಧಿ ಕೊಡುತ್ತಾರೆ. ಕೆಲಸ ಮುಗಿದ ಮೇಲೆ ಅದರ ಪ್ರಭಾವ ಇಳಿಸಲು ಪ್ರೋಟಮೈನ್ ಕೊಡುತ್ತಾರೆ.

ಹಾಗಿದ್ದರೂ ಮಕ್ಕಳಲ್ಲಿ ರಕ್ತಸ್ರಾವ ಏಕೆ ಹೆಚ್ಚು? ಎಳೆಯ ಮಗುವಿನ ದೇಹದಲ್ಲಿ ಪ್ರತಿ ಕಿಲೋ ತೂಕಕ್ಕೆ ಸುಮಾರು 80 ಮಿಲಿಲೀಟರ್ ರಕ್ತವಿರುತ್ತದೆ. 5 ಕಿಲೋ ಮಗುವಿಗೆ ಅಂದಾಜು 400 ಮಿಲಿಲೀಟರ್ ಮಾತ್ರ. ಯಂತ್ರದ ಕೊಳವೆಗಳಲ್ಲಿ ತುಂಬಿದ ದ್ರವ ಇದರೊಂದಿಗೆ ಬೆರೆತಾಗ ರಕ್ತ ತೆಳುವಾಗುತ್ತದೆ. ಹೆಪ್ಪುಗಟ್ಟಿಸುವ ಅಂಶಗಳ ಸಾಂದ್ರತೆ ಇಳಿಯುತ್ತದೆ. ಯಂತ್ರದಲ್ಲಿ ಸುತ್ತಿದ ಪ್ಲೇಟ್‌ಲೆಟ್‌ಗಳು ಶಕ್ತಿ ಕಳೆದುಕೊಳ್ಳುತ್ತವೆ. ಆದ್ದರಿಂದಲೇ ಎದೆಗೆ ಹಾಕಿದ ನಳಿಕೆಯಿಂದ ಎಷ್ಟು ರಕ್ತ ಬಂತೆಂದು ದಾದಿಯರು ಗಂಟೆಗಂಟೆಗೆ ಅಳೆಯುತ್ತಾರೆ. ಸ್ರಾವ ನಿಲ್ಲದಿದ್ದರೆ ಎದೆಯನ್ನು ಮತ್ತೆ ತೆರೆಯಬೇಕಾಗಬಹುದು.

ಆಗ ಬೇಕಾಗುವುದು ರಕ್ತ, ಪ್ಲಾಸ್ಮಾ ಮತ್ತು ಪ್ಲೇಟ್‌ಲೆಟ್. ಪ್ಲೇಟ್‌ಲೆಟ್‌ಗಳನ್ನು ಸಾಮಾನ್ಯವಾಗಿ 5 ದಿನ ಮಾತ್ರ ಇಡಬಹುದು. ಅಂಗಡಿಯ ಸರಕಿನಂತೆ ಕೂಡಿಡಲು ಸಾಧ್ಯವಿಲ್ಲ. ಯಾರಾದರೂ ಕೊಡುತ್ತಲೇ ಇರಬೇಕು. ಒಬ್ಬರು ಒಮ್ಮೆ ಕೊಡುವ 350 ಮಿಲಿಲೀಟರ್ ರಕ್ತ ಆ ಮಗುವಿನ ಮೈಯಲ್ಲಿರುವ ಒಟ್ಟು ರಕ್ತಕ್ಕೆ ಹತ್ತಿರದ್ದು. 18 ವರ್ಷ ತುಂಬಿದ ಆರೋಗ್ಯವಂತ ಯುವಕರು ಮೂರು ತಿಂಗಳಿಗೊಮ್ಮೆ, ಯುವತಿಯರು ನಾಲ್ಕು ತಿಂಗಳಿಗೊಮ್ಮೆ ರಕ್ತ ಕೊಡಬಹುದು. ನಮ್ಮ ಯುವಕರು ಇದನ್ನು ಸದಕಾ ಎಂದು ಭಾವಿಸಲಿ.

ಹೆಪಾರಿನನ್ನು ಹೆಚ್ಚಾಗಿ ಹಂದಿಯ ಕರುಳಿನಿಂದ, ಕೆಲವೆಡೆ ದನದ ಅಂಗಗಳಿಂದ ತಯಾರಿಸುತ್ತಾರೆ. ಇದನ್ನು ಕೇಳಿ ಕೆಲವು ಪಾಲಕರು ಅಳುಕುತ್ತಾರೆ. ಪ್ರಾಣಾಪಾಯದ ಅನಿವಾರ್ಯತೆಯಲ್ಲಿ ಷರೀಅತ್‌ನಲ್ಲಿ ರಿಯಾಯಿತಿ ಇದೆ ಎಂಬುದು ಎಲ್ಲರೂ ಬಲ್ಲ ತತ್ತ್ವ. ಸಂಶಯವಿದ್ದರೆ ಮೊದಲೇ ವೈದ್ಯರನ್ನೂ ಆಲಿಮರನ್ನೂ ಕೇಳಿ ತಿಳಿಯಿರಿ. ಆಪರೇಷನ್ ಕೊಠಡಿಯ ಬಾಗಿಲಲ್ಲಿ ಚರ್ಚೆ ಬೇಡ.

ಇನ್ನು ಇದಕ್ಕೆ ವಿರುದ್ಧವಾದ ಅಪಾಯ. ಗಂಟಲು ನೋವಿನಿಂದ ಶುರುವಾಗುವ ರುಮ್ಯಾಟಿಕ್ ಜ್ವರ ಹೃದಯದ ಕವಾಟವನ್ನು ಕೆಡಿಸಬಹುದು. ಬದಲಿಗೆ ಲೋಹದ ಕವಾಟ ಹಾಕಿದರೆ ಅದರ ಮೇಲೆ ರಕ್ತ ಹೆಪ್ಪುಗಟ್ಟುವ ಭಯವಿರುತ್ತದೆ. ಆ ಹೆಪ್ಪು ಕವಾಟವನ್ನೇ ಕಟ್ಟಿಹಾಕಬಹುದು, ಮೆದುಳಿಗೆ ಹೋದರೆ ಪಾರ್ಶ್ವವಾಯು ಬರಬಹುದು. ಇದನ್ನು ತಡೆಯುವ ಮಾತ್ರೆ ವಾರ್ಫರಿನ್. ಮಗು ಆಟವಾಡುತ್ತಿದೆ, ಗುಣವಾಯಿತು ಎಂದು ಮಾತ್ರೆ ನಿಲ್ಲಿಸುವುದು ಅತ್ಯಂತ ಅಪಾಯಕಾರಿ. ರಂಜಾನ್ ತಿಂಗಳಲ್ಲಿ ಮಾತ್ರೆಯ ಹೊತ್ತನ್ನು ವೈದ್ಯರನ್ನು ಕೇಳಿಯೇ ಬದಲಿಸಿ. ಐಎನ್ಆರ್ ಎಂಬ ರಕ್ತಪರೀಕ್ಷೆಯನ್ನು ಹೇಳಿದ ದಿನ ಮಾಡಿಸಿ. ಸೊಪ್ಪು ತಿನ್ನಬಹುದು, ಆದರೆ ಒಂದು ವಾರ ರಾಶಿ, ಇನ್ನೊಂದು ವಾರ ಇಲ್ಲವೇ ಇಲ್ಲ ಎಂದಾಗಬಾರದು. ನೋವಿನ ಮಾತ್ರೆ, ನಾಟಿ ಔಷಧಿಗಳನ್ನು ಕೇಳದೆ ಕೊಡಬೇಡಿ.

ಶಿಕ್ಷಕ ಮಿತ್ರರೇ, ಇಂತಹ ಮಗುವಿನ ಮಾಹಿತಿ ಶಾಲೆಯಲ್ಲಿ ಬರೆದಿಟ್ಟಿರಲಿ. ಮೂಗಿನಲ್ಲಿ ರಕ್ತ ಬಂದರೆ ಕೂರಿಸಿ, ತಲೆಯನ್ನು ಮುಂದಕ್ಕೆ ಬಾಗಿಸಿ, ಮೂಗಿನ ಮೆದು ಭಾಗವನ್ನು 10 ನಿಮಿಷ ಒತ್ತಿ ಹಿಡಿಯಿರಿ. ನಿಲ್ಲದಿದ್ದರೆ ಆಸ್ಪತ್ರೆಗೆ ಒಯ್ಯಿರಿ. ತಲೆಗೆ ಪೆಟ್ಟು ಬಿದ್ದರಂತೂ ಕಾಯದೆ ಆಸ್ಪತ್ರೆಗೆ ಹೋಗಬೇಕು. ಈ ಮಾತ್ರೆ ನುಂಗುವ ಹೆಣ್ಣುಮಕ್ಕಳು ಮುಟ್ಟಿನಲ್ಲಿ ರಕ್ತ ಹೆಚ್ಚು ಹೋದರೆ ನಾಚಿಕೆಪಡದೆ ತಾಯಿಗೆ ಹೇಳಬೇಕು.

ವೈದ್ಯರು ಕೆಲವು ಗಂಟೆಗಳಲ್ಲಿ ತಮ್ಮ ಕೆಲಸ ಮುಗಿಸುತ್ತಾರೆ. ಮುಂದಿನ ವರ್ಷಗಳ ಕೆಲಸ ಮನೆಯದು, ಶಾಲೆಯದು. ನನ್ನ ವಿದ್ಯಾರ್ಥಿ ಅಂದು ಪಾರಾದ, ಅಲ್‌ಹಮ್ದುಲಿಲ್ಲಾಹ್. ಮತ್ತೊಂದು ಮಗುವಿನ ವಿಷಯದಲ್ಲಿ ನನ್ನಂತೆ ಯಾರೂ ತಿಳಿಯದೆ ನಿಲ್ಲುವಂತಾಗದಿರಲಿ. ಅಲ್ಲಾಹನು ನಮಗೆಲ್ಲ ಅರಿವನ್ನೂ ಆ ಅರಿವಿನಂತೆ ನಡೆಯುವ ತೌಫೀಕನ್ನೂ ನೀಡಲಿ. ಆಮೀನ್.