ಅವನ ವೀಸಾಕ್ಕೆ ಇವಳ ಒಡವೆ

(ಪದವಿ ಕಾಲೇಜೊಂದರಲ್ಲಿ ವಿದ್ಯಾರ್ಥಿನಿಯರು ಹಾಗೂ ಅವರ ತಾಯಂದಿರ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ವಿದೇಶದಲ್ಲಿ ಓದಲು ಬೇಕಾಗುವ ವೀಸಾ ಮತ್ತು ಇಂಗ್ಲಿಷ್ ಪರೀಕ್ಷೆಯ ಬಗ್ಗೆ ಮಾತನಾಡುತ್ತೇನೆ ಎಂದು ನಾನು ಹೇಳಿದಾಗ, ವರದಕ್ಷಿಣೆ ವಿರೋಧಿ ಸಭೆಯಲ್ಲಿ ಈ ವಿಷಯವೇಕೆ ಎಂದು ಕೆಲವರು ಕೇಳಿದರಂತೆ. ಅವರ ಪ್ರಶ್ನೆ ಸರಿಯಾದದ್ದೇ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಇಂಗ್ಲಿಷ್ ಪಾಠ ಹೇಳಿ ನಿವೃತ್ತಳಾದ ನನಗೂ ಈ ಎರಡರ ನಂಟು ಬಹಳ ತಡವಾಗಿ ಅರ್ಥವಾಯಿತು. ಅರ್ಥವಾದದ್ದು ಪುಸ್ತಕದಿಂದಲ್ಲ, ನಾನೇ ಮಾಡಿದ ಒಂದು ತಪ್ಪಿನಿಂದ. ಅದರಿಂದಲೇ ಆರಂಭಿಸುತ್ತೇನೆ.

2010ರಲ್ಲಿ ನಮ್ಮ ಬೀದಿಯ ಹುಡುಗನೊಬ್ಬ ಅಮೆರಿಕದಲ್ಲಿ ಎಂ.ಎಸ್. ಮಾಡಬೇಕೆಂದು ಟೋಫೆಲ್ ಪರೀಕ್ಷೆಗೆ ಓದುತ್ತಿದ್ದ. ಸಂಜೆ ನಮ್ಮ ಮನೆಗೆ ಬಂದು ತಾನು ಬರೆದ ಪ್ರಬಂಧಗಳನ್ನು ತೋರಿಸುತ್ತಿದ್ದ. ಊಟದ ಮೇಜಿನ ಮೇಲೆ ಹರಡಿಕೊಂಡು ನಾನು ಕೆಂಪು ಶಾಯಿಯಲ್ಲಿ ತಿದ್ದಿಕೊಡುತ್ತಿದ್ದೆ. ದುಡ್ಡು ತೆಗೆದುಕೊಳ್ಳಲಿಲ್ಲ. ಒಳ್ಳೆಯ ಅಂಕ ಬಂತು, ಸೀಟೂ ಸಿಕ್ಕಿತು. ಕೂಡಲೇ ಮನೆಯವರು ಹೆಣ್ಣು ಹುಡುಕತೊಡಗಿದರು. ಗೊತ್ತಾದ ಹುಡುಗಿ ನನ್ನದೇ ವಿದ್ಯಾರ್ಥಿನಿ. ಬಿ.ಎಸ್ಸಿ. ತರಗತಿಯಲ್ಲಿ ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದವಳು. ಅವಳ ತಂದೆ ನನ್ನಲ್ಲಿಗೆ ಬಂದು, "ಮೇಡಂ, ಹುಡುಗ ಹೇಗೆ?" ಎಂದು ಕೇಳಿದರು. "ಇಂಗ್ಲಿಷ್ ಚೆನ್ನಾಗಿದೆ, ಮುಂದೆ ಬರುತ್ತಾನೆ" ಎಂದೆ. ಅವರು ಕೇಳಿದ್ದೇನು, ನಾನು ಹೇಳಿದ್ದೇನು ಎಂದು ಈಗಲೂ ಯೋಚಿಸುತ್ತೇನೆ.

ಹುಡುಗನ ಕಡೆಯವರು ವರದಕ್ಷಿಣೆ ಬೇಡವೆಂದರು. ಊರೆಲ್ಲ ಹೊಗಳಿತು. ಮಾತುಕತೆಯ ಕೊನೆಗೆ ಒಂದು ಸಣ್ಣ ಮಾತು ಬಂತು: "ವೀಸಾಕ್ಕೆ ಬ್ಯಾಂಕಿನಲ್ಲಿ ಹಣ ತೋರಿಸಬೇಕಂತೆ. ತೋರಿಸುವುದಕ್ಕಷ್ಟೇ. ಆಮೇಲೆ ನಿಮ್ಮದು ನಿಮಗೆ." 12 ಲಕ್ಷ ರೂಪಾಯಿ. ತಂದೆ ಸೈಟು ಮಾರಿದರು, ತಾಯಿ ಬಳೆ, ಸರ ಅಡವಿಟ್ಟರು. 2011ರಲ್ಲಿ ಮದುವೆಯಾಯಿತು. ತೋರಿಸಿದ ಹಣ ಹಿಂದಿರುಗಲಿಲ್ಲ, ಅವನ ಫೀಜಿಗೆ ಹೋಯಿತು.

ಹುಡುಗಿ ಹೋದದ್ದು ಎಫ್-2 ವೀಸಾದಲ್ಲಿ, ಅಂದರೆ ವಿದ್ಯಾರ್ಥಿಯ ಹೆಂಡತಿಯಾಗಿ. ಈ ವೀಸಾದವರು ಅಲ್ಲಿ ಕೆಲಸ ಮಾಡುವಂತಿಲ್ಲ. ಆ ದಿನಗಳಲ್ಲಿ ಪದವಿಗಾಗಿ ಕಾಲೇಜು ಸೇರುವಂತೆಯೂ ಇರಲಿಲ್ಲ. ಅರೆಕಾಲಿಕವಾಗಿ ಓದಲು ಅವಕಾಶ ಕೊಟ್ಟದ್ದು 2015ರಲ್ಲಿ. ಕೈಯಲ್ಲಿ ಒಂದು ಡಾಲರ್ ಇಲ್ಲದೆ, ಹಾಲು ತರುವುದಕ್ಕೂ ಅವನನ್ನು ಕೇಳಿ ಅವಳು ಮೂರು ವರ್ಷ ಕಳೆದಳು. ಎರಡನೆಯ ವರ್ಷದ ಫೀಜಿಗೆ ಇನ್ನೂ ಐದು ಲಕ್ಷ ತರಿಸು ಎಂಬಲ್ಲಿಗೆ ಮಾತು ಹೋಗಿ ಏಟಿಗೆ ತಿರುಗಿತು. 2014ರಲ್ಲಿ ತಂಗಿಯ ಮದುವೆಗೆಂದು ಬಂದವಳು ವಾಪಸು ಹೋಗುವುದಿಲ್ಲ ಎಂದಳು. ಅಷ್ಟರಲ್ಲಿ ಅವಳ ಪಾಸ್‌ಪೋರ್ಟ್ ಅತ್ತೆಯ ಬೀರುವಿನಲ್ಲಿ ಬೀಗ ಹಾಕಿಸಿಕೊಂಡು ಕೂತಿತ್ತು.

ಗೆಳತಿಯರೇ, ಇದು ಒಬ್ಬ ಕೆಟ್ಟ ಹುಡುಗನ ಕಥೆಯಷ್ಟೇ ಆಗಿದ್ದರೆ ನಾನು ಇಲ್ಲಿ ಹೇಳುತ್ತಿರಲಿಲ್ಲ. ಇಲ್ಲಿ ಒಂದು ವ್ಯವಸ್ಥೆ ಕೆಲಸ ಮಾಡುತ್ತಿದೆ.

ವಿದ್ಯಾರ್ಥಿ ವೀಸಾ ಕೇಳುವುದು ಮುಖ್ಯವಾಗಿ ಮೂರನ್ನು: ವಿಶ್ವವಿದ್ಯಾಲಯದ ಪ್ರವೇಶ ಪತ್ರ, ಭಾಷೆ ಬರುತ್ತದೆ ಎಂಬುದಕ್ಕೆ ಪರೀಕ್ಷೆಯ ಅಂಕ, ಖರ್ಚಿಗೆ ಹಣವಿದೆ ಎಂಬುದಕ್ಕೆ ದಾಖಲೆ. ಅಮೆರಿಕದ ವಿಶ್ವವಿದ್ಯಾಲಯ ಐ-20 ಎಂಬ ಪತ್ರ ಕೊಡಬೇಕಾದರೆ ಮೊದಲ ವರ್ಷದ ಖರ್ಚಿನ ಹಣ ತೋರಿಸಬೇಕು. ಬ್ರಿಟನ್ನಿನ ನಿಯಮದಲ್ಲಿ ಆ ಹಣ 28 ದಿನ ಎಡೆಬಿಡದೆ ಖಾತೆಯಲ್ಲಿರಬೇಕು. ಕೆನಡಾ 2024ರ ಜನವರಿಯಲ್ಲಿ ಈ ಮೊತ್ತವನ್ನು ಒಬ್ಬರಿಗೆ 10,000 ಡಾಲರಿನಿಂದ 20,635 ಡಾಲರಿಗೆ ಏರಿಸಿತು. ಕಾಲೇಜಿನ ಫೀಜು ಇದರ ಹೊರಗೆ. ಮಧ್ಯಮವರ್ಗದ ಮನೆಯಲ್ಲಿ ಇಷ್ಟು ಹಣ ಒಟ್ಟಿಗೆ ಎಲ್ಲಿರುತ್ತದೆ? ಸಾಲಕ್ಕೆ ಬ್ಯಾಂಕು ಜಾಮೀನು ಕೇಳುತ್ತದೆ. ಹೆಣ್ಣಿನ ಕಡೆಯವರು ಜಾಮೀನು ಕೇಳುವುದಿಲ್ಲ, ಬಡ್ಡಿ ಕೇಳುವುದಿಲ್ಲ, ಹಿಂದಕ್ಕೂ ಕೇಳುವುದಿಲ್ಲ. ಆದ್ದರಿಂದ ಗಂಡಿಗೆ ಅತ್ಯಂತ ಅಗ್ಗದ ವಿದ್ಯಾಸಾಲ ಯಾವುದೆಂದರೆ ಮದುವೆ. ವರದಕ್ಷಿಣೆ ಎಂಬ ಹೆಸರು ಹೋಗಿ 'ಓದಿಗೆ ನೆರವು' ಎಂಬ ಮರ್ಯಾದಸ್ಥ ಹೆಸರು ಬಂದಿದೆ, ಅಷ್ಟೇ.

ಪಂಜಾಬಿನಲ್ಲಿ ಇದೇ ವ್ಯವಹಾರ ತಿರುಗುಮುರುಗಾಗಿ ನಡೆದದ್ದನ್ನು ನೀವು ಪತ್ರಿಕೆಗಳಲ್ಲಿ ಓದಿರಬಹುದು. 2018ರಲ್ಲಿ ಕೆನಡಾ ಭಾರತದ ವಿದ್ಯಾರ್ಥಿಗಳಿಗೆ ಎಸ್‌ಡಿಎಸ್ ಎಂಬ ಶೀಘ್ರ ದಾರಿ ತೆರೆಯಿತು. ಅದಕ್ಕೆ ಐಇಎಲ್‌ಟಿಎಸ್ ಪರೀಕ್ಷೆಯ ನಾಲ್ಕೂ ಭಾಗಗಳಲ್ಲಿ 6 ಬ್ಯಾಂಡ್ ಬರಬೇಕಿತ್ತು. ವಿದ್ಯಾರ್ಥಿಯ ಗಂಡ ಅಥವಾ ಹೆಂಡತಿಗೆ ಅಲ್ಲಿ ಕೆಲಸದ ಪರವಾನಗಿಯೂ ಸಿಗುತ್ತಿತ್ತು. ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತಿದ್ದವರಲ್ಲಿ ಹುಡುಗಿಯರು ಬಹಳ. ಭೂಮಿಯಿದ್ದು ಬ್ಯಾಂಡ್ ಇಲ್ಲದ ಹುಡುಗರ ಮನೆಯವರು, ಬ್ಯಾಂಡ್ ಇದ್ದು ಹಣವಿಲ್ಲದ ಹುಡುಗಿಯರ ಫೀಜು ಕಟ್ಟಿ ಮದುವೆ ಮಾಡಿಸತೊಡಗಿದರು. ವಧು ಬೇಕಾಗಿದ್ದಾಳೆ ಎಂಬ ಜಾಹೀರಾತಿನಲ್ಲಿ ಬಣ್ಣ, ಎತ್ತರಗಳ ಪಕ್ಕದಲ್ಲಿ ಬ್ಯಾಂಡ್ ಎಷ್ಟೆಂಬುದೂ ಸೇರಿತು. ಹೋದ ಹುಡುಗಿ ಗಂಡನನ್ನು ಕರೆಸಿಕೊಳ್ಳದಿದ್ದಾಗ 'ಮೋಸಗಾತಿ' ಎಂಬ ಕೂಗು ಎದ್ದಿತು. ಮೋಸ ಮಾಡಿದವರು ಇರಲಿಲ್ಲವೆಂದು ನಾನು ಹೇಳುವುದಿಲ್ಲ. ನೊಂದು ಹೋದ ಹುಡುಗರೂ ಇದ್ದರು. ಆದರೆ ಒಂದನ್ನು ಗಮನಿಸಿ. ಹೆಣ್ಣಿನ ತಂದೆಯ ಹಣದಲ್ಲಿ ಓದಿ ಹೆಂಡತಿಯನ್ನು ಕೈಬಿಟ್ಟ ಗಂಡಸರ ಬಗ್ಗೆ ಇಷ್ಟು ಗಟ್ಟಿಯಾದ ಕೂಗು ಯಾವತ್ತಾದರೂ ಎದ್ದದ್ದುಂಟೇ? ಹಣ ಯಾವ ಕಡೆಯಿಂದ ಹರಿದರೂ ಮದುವೆಯನ್ನು ಟಿಕೆಟ್ ಮಾಡಿಕೊಂಡರೆ ಅಲ್ಲಿ ಪ್ರೀತಿಗೂ ಗೌರವಕ್ಕೂ ಜಾಗವಿರುವುದಿಲ್ಲ.

ಇನ್ನೂ ಒಂದು ಮಾತು. ಈ ನಿಯಮಗಳು ಬದಲಾಗುತ್ತಲೇ ಇರುತ್ತವೆ. 2024ರ ನವೆಂಬರಿನಲ್ಲಿ ಕೆನಡಾ ಆ ಶೀಘ್ರ ದಾರಿಯನ್ನು ಮುಚ್ಚಿತು. ಪದವಿ, ಡಿಪ್ಲೊಮಾ ಓದುವವರ ಸಂಗಾತಿಗೆ ಸಿಗುತ್ತಿದ್ದ ಕೆಲಸದ ಪರವಾನಗಿಯನ್ನು ಅದೇ ವರ್ಷದ ಮಾರ್ಚಿನಲ್ಲೇ ಬಹುಮಟ್ಟಿಗೆ ನಿಲ್ಲಿಸಿತ್ತು. ಬ್ರಿಟನ್ 2024ರ ಜನವರಿಯಿಂದ ಸಾಮಾನ್ಯ ಸ್ನಾತಕೋತ್ತರ ವಿದ್ಯಾರ್ಥಿಗಳು ಹೆಂಡತಿ ಮಕ್ಕಳನ್ನು ಕರೆತರುವಂತಿಲ್ಲ ಎಂದಿದೆ. ಸಂಶೋಧನೆ ಮಾಡುವವರಿಗೆ ವಿನಾಯಿತಿ ಇದೆ. ಹಾಗಾದರೆ "ಲಂಡನ್ನಿಗೆ ಎಂ.ಎಸ್ಸಿ.ಗೆ ಹೊರಟಿದ್ದಾನೆ, ಹೋಗುವುದರೊಳಗೆ ಮದುವೆ ಮುಗಿಸೋಣ" ಎಂದು ಅವಸರ ಮಾಡುವವರನ್ನು ಕೇಳಿ: ಹುಡುಗಿ ಎಲ್ಲಿರುತ್ತಾಳೆ? ಹದಿನೈದು ದಿನ ಸಂಸಾರ ಮಾಡಿ ಅವನು ವಿಮಾನ ಹತ್ತಿದ ಮೇಲೆ, ಅತ್ತೆಯ ಮನೆಯಲ್ಲಿ ಅವಳ ಸ್ಥಾನವೇನು? ಅವಳ ಓದಿನ ಗತಿಯೇನು? ಕೇಳಿದರೆ ಸಂಬಂಧ ತಪ್ಪುತ್ತದೆ ಎಂದು ಹೆದರಬೇಡಿ. ಕೇಳಿದ್ದಕ್ಕೆ ತಪ್ಪುವ ಸಂಬಂಧ ತಪ್ಪಿದ್ದೇ ಒಳ್ಳೆಯದು.

ಕಾನೂನು ಏನು ಹೇಳುತ್ತದೆ? 1961ರ ವರದಕ್ಷಿಣೆ ನಿಷೇಧ ಕಾಯಿದೆಯ ಪ್ರಕಾರ, ಮದುವೆಗೆ ಸಂಬಂಧಿಸಿ ಮುಂಚೆ, ಆ ಹೊತ್ತಿನಲ್ಲಿ ಅಥವಾ ಆನಂತರ ಯಾವಾಗಲೇ ಆಗಲಿ, ನೇರವಾಗಿ ಇಲ್ಲವೇ ಸುತ್ತಿಬಳಸಿ ಕೊಟ್ಟ ಹಣ ವರದಕ್ಷಿಣೆಯೇ. ಮನೆ ಕಟ್ಟಲು ಹೆಂಡತಿಯ ತವರಿನಿಂದ ಹಣ ಕೇಳಿದ್ದೂ ವರದಕ್ಷಿಣೆ ಎಂದು 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮನೆಗೆ ಕೇಳಿದ್ದು ವರದಕ್ಷಿಣೆಯಾದರೆ ವೀಸಾಕ್ಕೆ ಕೇಳಿದ್ದು ಬೇರೆ ಹೇಗಾದೀತು? ಕಾಯಿದೆಯ 6ನೆಯ ಕಲಮಿನ ಪ್ರಕಾರ ವರದಕ್ಷಿಣೆಯನ್ನು ಯಾರೇ ಪಡೆದಿರಲಿ, ಮದುವೆಗೆ ಮುಂಚೆ ಪಡೆದಿದ್ದರೆ ಮದುವೆಯಾದ ಮೂರು ತಿಂಗಳೊಳಗೆ ಅದನ್ನು ಆ ಹೆಣ್ಣಿಗೆ ಒಪ್ಪಿಸಬೇಕು. ಕೊಡುವುದೂ ಅಪರಾಧವೇ. ಆದರೆ ನೊಂದವರು ಕೊಟ್ಟ ಹೇಳಿಕೆಯ ಆಧಾರದ ಮೇಲೆ ಅವರ ಮೇಲೆಯೇ ಈ ಕಾಯಿದೆಯಡಿ ಮೊಕದ್ದಮೆ ಹೂಡುವಂತಿಲ್ಲ ಎಂಬ ರಕ್ಷಣೆ 7ನೆಯ ಕಲಮಿನಲ್ಲಿದೆ. ಹಿಂದೆ 498ಎ ಎಂದು ನಾವೆಲ್ಲ ಹೇಳುತ್ತಿದ್ದ ಕ್ರೌರ್ಯದ ಕಲಮು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85ನೆಯ ಕಲಮಾಗಿದೆ. 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆ ಆರ್ಥಿಕ ಹಿಂಸೆಯನ್ನೂ ದೌರ್ಜನ್ಯವೆಂದು ಗುರುತಿಸುತ್ತದೆ. ನೀವು ಸದ್ಯಕ್ಕೆ ಉಳಿದುಕೊಂಡಿರುವ ಊರಿನಲ್ಲೇ ಅದರಡಿ ದೂರು ಕೊಡಬಹುದು. 181 ಮಹಿಳಾ ಸಹಾಯವಾಣಿ.

ನನ್ನ ವಿದ್ಯಾರ್ಥಿನಿಯ ತಂದೆ ಹಣವನ್ನು ಬ್ಯಾಂಕಿನ ಮೂಲಕ ಕಳಿಸಿದ್ದರು. ಪಾಸ್‌ಬುಕ್ಕಿನ ಆ ಎರಡು ಸಾಲುಗಳೇ ಕೊನೆಗೆ ಸಾಕ್ಷಿಯಾದವು. ಆದರೂ ಕೊಟ್ಟಿದ್ದರಲ್ಲಿ ಅರ್ಧವೂ ಹಿಂದಿರುಗಲಿಲ್ಲ. 2017ರಲ್ಲಿ ಪರಸ್ಪರ ಒಪ್ಪಿಗೆಯ ವಿಚ್ಛೇದನವಾಯಿತು.

ಆಮೇಲೆ ಅವಳು ಒಂದು ಸಂಜೆ ಬಂದು, "ಮೇಡಂ, ನಾನೇ ಓದಲು ಹೋಗಬೇಕು ಅಂತಿದ್ದೀನಿ" ಎಂದಳು. ನನಗೆ ನಾಚಿಕೆಯಾಯಿತು. ಇವಳ ಇಂಗ್ಲಿಷ್ ಅವನಿಗಿಂತ ಚೆನ್ನಾಗಿತ್ತು. 2010ರಲ್ಲಿ 'ನೀನು ಈ ಪರೀಕ್ಷೆಗೆ ಕೂರುತ್ತೀಯಾ' ಎಂದು ಅಪ್ಪನೂ ಕೇಳಲಿಲ್ಲ, ಮೇಷ್ಟರಾದ ನಾನೂ ಕೇಳಲಿಲ್ಲ. ಸೈಟು ಅವಳ ಓದಿಗೆ ಮಾರಲಿಲ್ಲ, ಅವಳ ಗಂಡನ ಓದಿಗೆ ಮಾರಿದೆವು. 'ಮಾರಿದೆವು' ಎಂದೆ. ಅದರಲ್ಲಿ ನನ್ನ ಪಾಲೂ ಇದೆ.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ಐಇಎಲ್‌ಟಿಎಸ್ ಎಂದರೆ ಭಯಪಡುವಂಥದ್ದೇನೂ ಇಲ್ಲ. ನಾಲ್ಕು ಭಾಗ: ಕೇಳುವುದು ಸುಮಾರು 30 ನಿಮಿಷ, ಓದುವುದು 60 ನಿಮಿಷ, ಬರೆಯುವುದು 60 ನಿಮಿಷ, ಮಾತು 11ರಿಂದ 14 ನಿಮಿಷ. ಅಂಕ 0ಯಿಂದ 9ರವರೆಗೆ. ಸ್ನಾತಕೋತ್ತರ ಪದವಿಗೆ ಬಹಳಷ್ಟು ವಿಶ್ವವಿದ್ಯಾಲಯಗಳು 6.5 ಕೇಳುತ್ತವೆ. ಅಂಕ ಎರಡು ವರ್ಷ ಮಾತ್ರ ನಡೆಯುತ್ತದೆ, ಆದ್ದರಿಂದ ಅರ್ಜಿ ಹಾಕುವ ಕಾಲ ನೋಡಿಕೊಂಡು ಪರೀಕ್ಷೆಗೆ ಕೂರಿ. ಶುಲ್ಕ 16,000 ರೂಪಾಯಿಗೂ ಮೇಲೆ. ಸುಮ್ಮನೆ ಒಮ್ಮೆ ಪ್ರಯತ್ನಿಸೋಣ ಎನ್ನುವಂತಿಲ್ಲ.

ಕನ್ನಡ ಮಾಧ್ಯಮದಲ್ಲಿ ಓದಿದವರು ಮಾತಿಗೆ ಹೆದರುತ್ತೀರಿ. ಅಲ್ಲಿ ನೀವು ಬಿಳಿಯರ ಹಾಗೆ ಉಚ್ಚರಿಸಬೇಕಾಗಿಲ್ಲ. ಹೇಳಿದ್ದು ಸ್ಪಷ್ಟವಾಗಿ ತಿಳಿಯಬೇಕು, ತಡವರಿಸದೆ ನಾಲ್ಕು ಮಾತು ಮುಂದುವರಿಸಬೇಕು, ಅಷ್ಟೇ. ನಾನು ಕಂಡಂತೆ ನಮ್ಮ ಹುಡುಗಿಯರು ಸೋಲುವುದು ಬರವಣಿಗೆಯಲ್ಲಿ. 250 ಪದಗಳ ಪ್ರಬಂಧದಲ್ಲಿ ನಿಮ್ಮ ಅಭಿಪ್ರಾಯ ಹೇಳಿ, ಕಾರಣ ಕೊಟ್ಟು ಸಮರ್ಥಿಸಬೇಕು. ಗೈಡಿನಿಂದ ಬಾಯಿಪಾಠ ಮಾಡಿಸಿದ ನಾವು, 'ನಿನ್ನ ಅಭಿಪ್ರಾಯವೇನು' ಎಂದು ಹೆಣ್ಣುಮಕ್ಕಳನ್ನು ಮನೆಯಲ್ಲೂ ಕೇಳಲಿಲ್ಲ, ತರಗತಿಯಲ್ಲೂ ಕೇಳಲಿಲ್ಲ. ದಿನಕ್ಕೊಂದು ಪ್ರಬಂಧ ಗಡಿಯಾರ ಇಟ್ಟುಕೊಂಡು ಬರೆಯಿರಿ, ಯಾರಿಂದಲಾದರೂ ತಿದ್ದಿಸಿ. ಆರು ತಿಂಗಳು ಸಾಕು.

ಆದರೆ ಎಲ್ಲಕ್ಕಿಂತ ಮೊದಲು ಪಾಸ್‌ಪೋರ್ಟ್. ನಮ್ಮಲ್ಲಿ ಈ ಪರೀಕ್ಷೆಗೆ ಕೂರುವುದಕ್ಕೂ ಅದೇ ಗುರುತಿನ ದಾಖಲೆ. ಮದುವೆಗೆ ಮುಂಚೆಯೇ ನಿಮ್ಮ ಹೆಸರಿನಲ್ಲಿ ಮಾಡಿಸಿ. ಸಾಮಾನ್ಯ ಅರ್ಜಿಗೆ 1,500 ರೂಪಾಯಿ. ಮದುವೆಯಾದವರಿಗೂ ವಿಚ್ಛೇದಿತರಿಗೂ 2016ರ ಡಿಸೆಂಬರಿನಲ್ಲಿ ನಿಯಮ ಸಡಿಲವಾಗಿದೆ. ಮದುವೆ ಪ್ರಮಾಣಪತ್ರ ಕೇಳುವುದಿಲ್ಲ, ವಿಚ್ಛೇದಿತರು ಹಿಂದಿನ ಗಂಡನ ಹೆಸರು ಬರೆಯಬೇಕಾಗಿಲ್ಲ. ಪಾಸ್‌ಪೋರ್ಟ್, ಅಂಕಪಟ್ಟಿಗಳು, ಬ್ಯಾಂಕಿನ ಪುಸ್ತಕ ಈ ಮೂರು ನಿಮ್ಮ ಕೈಯಲ್ಲೇ ಇರಲಿ. ಪ್ರತಿಗಳು ತವರಿನಲ್ಲೋ ಗೆಳತಿಯ ಬಳಿಯೋ ಇರಲಿ. ತಾಳಿಯಷ್ಟೇ ಜೋಪಾನವಾಗಿ ಅಲ್ಲ, ಅದಕ್ಕಿಂತ ಜೋಪಾನವಾಗಿ.

ತಾಯಂದಿರೇ, ಮಗಳ ಮದುವೆಗೆಂದು ಕೂಡಿಟ್ಟ ಹಣವನ್ನು ಒಮ್ಮೆ ಮಗಳ ಮುಂದಿಟ್ಟು, "ಇದರಲ್ಲಿ ನೀನೇನು ಮಾಡುತ್ತೀ?" ಎಂದು ಕೇಳಿ. ಎಲ್ಲ ಹುಡುಗಿಯರೂ ವಿದೇಶಕ್ಕೆ ಹೋಗಬೇಕೆಂದು ನಾನು ಹೇಳುತ್ತಿಲ್ಲ. ಇಲ್ಲೇ ಬಿ.ಎಡ್. ಮಾಡುತ್ತೇನೆ, ಅಂಗಡಿ ಇಡುತ್ತೇನೆ ಎನ್ನಬಹುದು. ಹಣ ಅವಳದಾಗಿರಲಿ, ನಿರ್ಧಾರವೂ ಅವಳದಾಗಿರಲಿ.

ಕೊನೆಯದಾಗಿ ನನ್ನ ವಿದ್ಯಾರ್ಥಿನಿಯ ವಿಷಯ. ಅವಳಿಗೆ 7 ಬ್ಯಾಂಡ್ ಬಂತು. 2018ರಲ್ಲಿ ಆಸ್ಟ್ರೇಲಿಯಾದ ವೀಸಾಕ್ಕೆ ಅರ್ಜಿ ಹಾಕಿದಳು. ಓದಿನ ಉದ್ದೇಶವೇನು, ಪದವಿಯ ನಂತರದ ವರ್ಷಗಳಲ್ಲಿ ಏನು ಮಾಡುತ್ತಿದ್ದೆ ಎಂದು ವಿವರಿಸಿ ಒಂದು ಹೇಳಿಕೆ ಬರೆಯಬೇಕಿತ್ತು. ಏಜೆಂಟನೊಬ್ಬ, ಮನೆಯಲ್ಲಿ ಟ್ಯೂಷನ್ ಹೇಳುತ್ತಿದ್ದೆ ಎಂದು ಸುಳ್ಳು ಬರೆಯಿರಿ ಎಂದಿದ್ದನಂತೆ. ಅವಳು ಒಪ್ಪಲಿಲ್ಲ. ನಮ್ಮ ಮನೆಯ ಅದೇ ಊಟದ ಮೇಜಿನ ಮುಂದೆ ಕೂತು ಬರೆದಳು: ಮದುವೆಯಾಗಿತ್ತು, ಕೆಲಸ ಮಾಡಲು ಅನುಮತಿಯಿಲ್ಲದ ವೀಸಾದಲ್ಲಿ ಮೂರು ವರ್ಷ ಇದ್ದೆ, ಹಿಂಸೆಯಿಂದ ಹೊರಬಂದೆ, ಕೋರ್ಟಿಗೆ ಅಲೆದೆ, ಈಗ ನಿಲ್ಲಿಸಿದ್ದ ಓದನ್ನು ಮುಂದುವರಿಸಬೇಕು. ಬರೆದು ನನ್ನ ಮುಂದೆ ಇಟ್ಟಳು. ಕೆಂಪು ಪೆನ್ನು ಕೈಯಲ್ಲೇ ಇತ್ತು. ತಿದ್ದುವಂಥದ್ದೇನೂ ಇರಲಿಲ್ಲ.

ವೀಸಾ ಬಂತು. ತಂದೆಯಿಂದ ಅವಳು ಹಣ ಪಡೆಯಲಿಲ್ಲ, ಹಿಂದಿರುಗಿದ ಹಣಕ್ಕೆ ಬ್ಯಾಂಕ್ ಸಾಲ ಸೇರಿಸಿಕೊಂಡಳು. ಈಗ ಅಲ್ಲಿನ ಒಂದು ಪ್ರಯೋಗಾಲಯದಲ್ಲಿ ಕೆಲಸದಲ್ಲಿದ್ದಾಳೆ, ಸಾಲ ತೀರಿಸಿದ್ದಾಳೆ. ತಾಯಿಯ ಬಳೆಗಳನ್ನು ಅಡವಿನಿಂದ ಬಿಡಿಸಿಕೊಟ್ಟವಳೂ ಅವಳೇ.

ಯಾರಾದರೂ ಬಂದು "ಹುಡುಗ ಹೇಗೆ?" ಎಂದು ಕೇಳಿದರೆ ಈಗ ನಾನು ಉತ್ತರ ಕೊಡುವುದಿಲ್ಲ. "ನಿಮ್ಮ ಹುಡುಗಿ ಏನಂತಾಳೆ?" ಎಂದು ಕೇಳುತ್ತೇನೆ.